ಸಿದ್ದಲಿಂಗವ್ವನ ಸಿಂಬಿ

"ಇನ್ನೊಂದೀಟು ಒತ್ತು ಮುರಗೆಪ್ಪ. ಬಗ್ಗಾಕತ್ತದ ನೋಡು."

ಬಗ್ಗುತ್ತಿರಲಿಲ್ಲ. ಮುರಗೆಪ್ಪ ತನ್ನ ಮೈಭಾರವನ್ನೆಲ್ಲ ಎರಡು ಅಂಗೈಗೆ ತಂದು ಕಾಕಿಯ ಮೊಣಕಾಲಿನ ಮೇಲೆ ಒತ್ತುತ್ತಿದ್ದ. ಅವನ ತಮ್ಮ ಹಿಂದಿನಿಂದ ಹೆಗಲು ಹಿಡಿದು ಎತ್ತುತ್ತಿದ್ದ. ಇವನು ಒತ್ತಿದರೆ ಅವನ ಕೈಯಿಂದ ಮೈ ಜಾರುತ್ತಿತ್ತು, ಅವನು ಎತ್ತಿದರೆ ಇವನ ಕೈಯಿಂದ ಕಾಲು ಜಾರುತ್ತಿತ್ತು. ಪಡಸಾಲೆಯ ಗೋಡೆಗೆ ಮೊಳೆ ಹೊಡೆದಾಗಿತ್ತು. ತಲೆ ನಿಲ್ಲಿಸಲು ಬಿಳಿ ಅರಿವೆಯ ಪಟ್ಟಿ ಹರಿದಾಗಿತ್ತು. ಹೊರಗೆ ಕಟ್ಟೆಯ ಮೇಲೆ ಭಜನೆಯವರು ತಾಳ ಹಿಡಿದು ಕೂತಾಗಿತ್ತು. ಕೂರಬೇಕಾದವಳು ಮಾತ್ರ ಕೂರಲೊಲ್ಲಳು. ಬಲಕ್ಕೆ ವಾಲಿ, ಮೊಣಕಾಲು ಅರೆ ಮಡಚಿ, ರಾತ್ರಿ ಹೇಗೆ ಮಲಗಿದ್ದಳೋ ಹಾಗೆಯೇ ಇದ್ದಳು ಸಿದ್ದಲಿಂಗವ್ವ.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಜೀವ ಹೋದ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಬಿದಿರು ಕಟ್ಟಿದ ವಿಮಾನದಲ್ಲಿ ಹೊತ್ತು ಒಯ್ದು, ಕೂತಂತೆಯೇ ಕುಣಿಯೊಳಗೆ ಇಳಿಸುತ್ತಾರೆ. ಆದರೆ ಕೂಡಲೇ ಕೂರಿಸಬೇಕು. ಸಿದ್ದಲಿಂಗವ್ವನಿಗೆ ಆ ಹೊತ್ತು ತಪ್ಪಿಹೋಗಿತ್ತು, ತಪ್ಪಿಸಿದವನು ಅವಳ ಗಂಡ ದುಂಡಪ್ಪ. ಬೆಳಗಿನ ಜಾವ ಎದ್ದಾಗ ಹೆಂಡತಿ ಇನ್ನೂ ಮಲಗಿದ್ದಳು. ನಿನ್ನೆ ಮುಚ್ಚಂಡಿಯಿಂದ ಇಬ್ಬರು ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಅವರಿಗೆ ಹೊತ್ತು ಮುಳುಗುವ ತನಕ ಕಲಿಸಿ ದಣಿದಿದ್ದಾಳೆ, ಮಲಗಲಿ ಎಂದುಕೊಂಡು ಕೌದಿಯನ್ನು ಅವಳ ಹೆಗಲ ತನಕ ಎಳೆದ. ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಹೊಲಕ್ಕೆ ಹೋದ. ಲಗ್ನವಾಗಿ ಮೂವತ್ತು ವರ್ಷದಲ್ಲಿ ಅವನು ಹೆಂಡತಿಗೆ ಕೇಳದೆ ಮಾಡಿದ ಮೊದಲ ಉಪಚಾರ ಅದೇ ಇರಬೇಕು. ಹೊತ್ತೇರಿದ ಮೇಲೆ ಅವನ ಅಕ್ಕ ಗುರವ್ವ ಎಬ್ಬಿಸಲು ಹೋದಳು. ಪುಷ್ಯ ಮಾಸದ ಥಂಡಿಯಲ್ಲಿ ಮೈ ಸೆಟೆದು ಎಷ್ಟೋ ಹೊತ್ತಾಗಿತ್ತು.

"ಬಿಡ್ರೋ ಸಾಕು," ಎಂದಳು ಗುರವ್ವ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದ ಅವಳು ಈ ಮನೆಯಲ್ಲಿ ಸಾಕಷ್ಟು ಸಾವು ನೋಡಿದ್ದಳು. "ಗಿಡಾಗಿ ಬಗ್ಗಲಾರದ್ದು ಮರಾಗಿ ಬಗ್ಗೀತೇನು? ಮಗನ್ನ ಹೆಂಗ ಇಟ್ಟೇವೋ ಇಕಿನ್ನೂ ಹಂಗ ಇಟ್ಟರಾತು. ಮಲಗಿಸೇ ಇಡ್ರಿ."

ದುಂಡಪ್ಪ ಹೊಸ್ತಿಲಲ್ಲಿ ನಿಂತಿದ್ದ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಬ್ಯಾಡಕ್ಕಾ. ಇಕಿನ್ನೂ ಹಂಗ ಇಡೂದು ನನ್ನ ಕೈಲೆ ಆಗೂದಿಲ್ಲ."

"ಮತ್ತ ಹೆಂಗ ಮಾಡೂದು ಹೇಳಪಾ."

ಮುರಗೆಪ್ಪ ಬೆವರು ಒರೆಸಿಕೊಂಡ. ಕಾಕಾನ ಮುಖ ನೋಡದೆ ನೆಲ ನೋಡುತ್ತ ಹೇಳಿದ: "ಒಂದ ದಾರಿ ಐತಿ. ಮಣಕಾಲಿಗೆ ಒಂದೊಂದ ಪೆಟ್ಟು. ಸತ್ತ ಮೈಗೇನು ನೋವು?"

ಈ ಪಡಸಾಲೆಯಲ್ಲಿ ಆ ಮಾತು ಎರಡನೆಯ ಸಲ ಕೇಳುತ್ತಿತ್ತು.

*

ತಮ್ಮಣ್ಣ ಅವರಿಗೆ ಒಬ್ಬನೇ ಮಗ. ಹುಟ್ಟಿದಾಗ ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿ, ತಣ್ಣೀರು ಚಿಮುಕಿಸಿ ಅಳಿಸುವಷ್ಟರಲ್ಲಿ ಕೂಸು ನೀಲಿಗಟ್ಟಿತ್ತು. ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ, ಎರಡು ತುಂಬಿದರೂ ಕೂರಲಿಲ್ಲ. ಕಟ್ಟದ ಹರಕೆ ಇಲ್ಲ, ತಿಕ್ಕದ ಎಣ್ಣೆ ಇಲ್ಲ.

ಸಿದ್ದಲಿಂಗವ್ವ ಊರಿಗೆಲ್ಲ ಕೌದಿ ಹೊಲಿದುಕೊಡುವವಳು. ಹಳೆಯ ಸೀರೆ, ಧೋತರದ ತುಂಡು ಪದರಪದರವಾಗಿ ಹಾಸಿ, ಬೆರಳು ತೂತು ಬೀಳುವ ತನಕ ದಾರ ಹಾಕುವಳು. ಮಗನಿಗೆ ನೆಲ ಒತ್ತಬಾರದೆಂದು ಏಳು ಪದರಿನ ಕೌದಿ ಹೊಲಿದು ಅದರ ಮೇಲೆ ಮಲಗಿಸಿದಳು. ಎಲ್ಲಿಗಾದರೂ ಹೋಗಬೇಕಾದರೆ ಎಡ ಸೊಂಟಕ್ಕೆ ಏರಿಸಿಕೊಂಡಳು. ಹದಿನಾಲ್ಕು ವರ್ಷ ಏರಿಸಿಕೊಂಡಳು. ಹುಡುಗ ಉದ್ದವಾದಂತೆ ಅವಳ ಬೆನ್ನು ಬಲಕ್ಕೆ ವಾಲಿತು, ವಾಲಿದ್ದು ಹಾಗೆಯೇ ನಿಂತಿತು. ಊರವರು ಅವಳ ನೆರಳು ನೋಡಿಯೇ ಸಿದ್ದಲಿಂಗವ್ವ ಬಂದಳು ಎನ್ನುತ್ತಿದ್ದರು.

ಹಗಲೂ ರಾತ್ರಿ ಅಂಗಾತ ಮಲಗಿದ ಹುಡುಗನ ಕಾಲು ಮೊದಲು ಒಂದು ಕಡೆಗೆ ಹೊರಳಿದವು, ಆಮೇಲೆ ಒಂದರ ಮೇಲೊಂದು ಏರಿ ಕತ್ತರಿಯಾದವು. ಕೊನೆಗೆ ಬಿಡಿಸಲು ಬರಲೇ ಇಲ್ಲ. ಮಲಗಿದಲ್ಲೇ ಅಂಬಲಿ ಕುಡಿಸಿದರೆ ನೆತ್ತಿಗೇರುತ್ತಿತ್ತು. ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ, ಒಂದು ವಾರ ಕೆಮ್ಮಿ ತಮ್ಮಣ್ಣ ಹೋದ.

ಅಂದು ಕೂಡಲೇ ಕೂರಿಸಲು ಹೋದರು, ಆದರೂ ಕೂರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು, ಆದರೆ ಕಾಲು ಅದಕ್ಕೂ ಎಷ್ಟೋ ವರ್ಷ ಮೊದಲೇ ಸೆಟೆದಿದ್ದವು. ಹಿರಿಯನೊಬ್ಬ ಹಿತ್ತಲಿಂದ ಒನಕೆ ತಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಿದ್ದಲಿಂಗವ್ವ ಅಳುವುದು ಬಿಟ್ಟು ಮಗನ ಕಾಲಿನ ಮೇಲೆ ಅಡ್ಡ ಬಿದ್ದಳು. "ಮಲಗಿಸೇ ಇಡ್ರಿ," ಎಂದಳು. ತೋಡಿದ ಕುಣಿಯನ್ನು ಮತ್ತೆ ಉದ್ದ ಮಾಡಬೇಕಾಯಿತು. ಹೊಲದಲ್ಲಿ ಚೌಕದ ದಿಬ್ಬಗಳ ನಡುವೆ ಅದೊಂದೇ ಉದ್ದನೆಯದು.

ಮಣ್ಣು ಕೊಟ್ಟು ಬಂದ ಮೇಲೆ ಅವಳು ಗಂಡನನ್ನು ಒಂದೇ ಮಾತು ಕೇಳಿದಳು. "ಹದಿನಾಕ ವರ್ಷ ಅವನ್ನ ಹೊತ್ನಿ, ಮಲಗಿಸಿದ್ನಿ. ಒಂದ ದಿನ ಕುಂದರಸೂದು ಯಾಕ ತಿಳೀಲಿಲ್ಲ ನಮಗ?"

ದುಂಡಪ್ಪ ಎತ್ತಿಗೆ ನೀರು ಕುಡಿಸುವ ನೆಪ ಮಾಡಿಕೊಂಡು ಎದ್ದು ಹೋದ.

*

ಮುರಗೆಪ್ಪನ ಮಾತಿಗೆ ಯಾರೂ ಹೂಂ ಎನ್ನದೆ, ಉಹೂಂ ಎನ್ನದೆ ನಿಂತಿದ್ದಾಗ ಮಲೀಕಾ ಬಂದಳು. ಸಿದ್ದಲಿಂಗವ್ವನ ಕೌದಿಗೆ ಅರಳೆ ಹಿಂಜಿ ಕೊಡುವ ಪಿಂಜಾರ ರಮಜಾನನ ಹೆಂಡತಿ. ಎಂಟು ವರ್ಷದ ಮಗಳು ಇಸ್ಮತಳನ್ನು ಎತ್ತಿಕೊಂಡಿದ್ದಳು. ಸೊಂಟದ ಮೇಲಲ್ಲ. ಮಗುವಿನ ಬೆನ್ನು ತನ್ನ ಎದೆಗೆ, ಮುಖ ಮುಂದಕ್ಕೆ, ಮಡಚಿದ ಮೊಣಕಾಲಿನ ಕೆಳಗೆ ಒಂದು ತೋಳು. ಸಂಖ ಊರಿನ ಸುತ್ತಿನ ಹಳ್ಳಿಗಳಲ್ಲಿ ಹಾಗೆ ಮಗು ಎತ್ತಿಕೊಂಡವಳನ್ನು ಕಂಡರೆ, ಇವಳು ಸಿದ್ದಲಿಂಗವ್ವನ ಕಡೆ ಕಲಿತವಳು ಎಂದು ಯಾರು ಬೇಕಾದರೂ ಹೇಳುತ್ತಿದ್ದರು.

ಮಲೀಕಾ ಹೆಗಲಿನಿಂದ ಒಂದು ಸಿಂಬಿ ಇಳಿಸಿ ಕಟ್ಟೆಯ ಮೇಲಿಟ್ಟಳು. ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುವ ಸಿಂಬಿಯಂಥದೇ, ಆದರೆ ದೊಡ್ಡದು, ಹರಕು ಸೀರೆ ಸುತ್ತಿ ಗಟ್ಟಿಯಾಗಿ ಹೊಲಿದದ್ದು. ಅದರ ಮೇಲೆ ಮಗಳನ್ನು ಕೂರಿಸಿದಳು. ಹುಡುಗಿ ಎಡಗೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತು ಭಜನೆಯವರ ತಾಳ ನೋಡತೊಡಗಿತು. ಮಲೀಕಾ ಒಳಗೆ ಇಣುಕಿದಳು.

"ಜಗ್ಗಬ್ಯಾಡ್ರೀ," ಎಂದಳು. "ತಲಿ ಜಗ್ಗಿದ್ರ ತಳ ಕುಂದರತದೇನ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ. ಕಾಕಿ ಎಷ್ಟ ಸಲ ಹೇಳ್ಯಾಳ, ತಳ ಕುಂತರ ತಲಿ ತಾನ ಕುಂದರತದ ಅಂತ."

"ನೀ ಹೊರಗ ನಿಂದ್ರವಾ ಮಲೀಕಾ," ಎಂದಳು ಗುರವ್ವ. ಸಿಟ್ಟಿನಿಂದೇನಲ್ಲ. "ಜಳಕ ಆಗ್ಯದ, ಈಬತ್ತಿ ಹಚ್ಚೇವಿ. ಇನ್ನ ಮುಟ್ಟು ಹಂಗಿಲ್ಲ."

"ಮುಟ್ಟೂದಿಲ್ಲ ಯವ್ವಾ. ಹೇಳ್ತೀನಿ, ನೀವು ಮಾಡ್ರಿ. ಮೊದಲ ನಡ ಹಿಡೀರಿ. ಬೆನ್ನಲ್ಲ, ಅದರ ಕೆಳಗ. ಹಾಂ. ಈಗ ಮುಂದಕ್ಕ ತರ್ರಿ, ಹಗೂರ."

ಗುರವ್ವ ಹಿಡಿದಳು, ಹಿಡಿದದ್ದು ಬೆನ್ನನ್ನೇ. ಇನ್ನೂ ಕೆಳಗೆ ಎಂದರೆ ಸೀರೆ ಹಿಡಿದಳು. ಹಗುರ ಎಂದರೆ ಪೂರ್ತಿ ಬಿಟ್ಟಳು. ಎಪ್ಪತ್ತು ವರ್ಷದ ಕೈಗೆ ಮಾತಿನಲ್ಲಿ ಕಲಿಸುವುದೆಂದರೆ ಹುಡುಗಾಟವಲ್ಲ. ಇದು ಬಾಯಿಲೆ ಕಲಿಯೂದಲ್ಲ, ಕೈಲೆ ಕಲಿಯೂದು ಎಂದು ಸಿದ್ದಲಿಂಗವ್ವನೇ ಹೇಳುತ್ತಿದ್ದಳು. ತಾಯಂದಿರ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿ ತೋರಿಸುತ್ತಿದ್ದಳು.

ದುಂಡಪ್ಪ ಹೊಸ್ತಿಲು ದಾಟಿ ಒಳಗೆ ಬಂದ.

"ಅಕ್ಕಾ, ನಿನ್ನಿ ಸಂಜಿತನಕ ಸತ್ತಾಕಿ ಕೈ ಇಕಿ ಕೈ ಮ್ಯಾಲೇ ಇತ್ತು. ಇಕಿ ಮುಟ್ಟಲಿ."

ಗುರವ್ವ, ಕ್ರಿಯೆ ಮಾಡಿಸಲು ಬಂದು ಮೂಲೆಯಲ್ಲಿ ಕೂತಿದ್ದ ಅಯ್ಯನವರ ಕಡೆ ನೋಡಿದಳು. ಅಯ್ಯನವರು ಮುಂದಿದ್ದ ವಿಭೂತಿಯ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ಮಲೀಕಾಳಿಗೆ ಕೂರಲು ಜಾಗ ಮಾಡಿದರು.

*

ಐದು ವರ್ಷದ ಹಿಂದೆ ಶಿವರಾತ್ರಿ ಅಮಾವಾಸ್ಯೆಗೆ ಮಧ್ಯಾಹ್ನ ಸೂರ್ಯನಿಗೆ ಗ್ರಹಣ ಹಿಡಿದಿತ್ತು. ನಡೆಯಲಾರದ ಮಗುವನ್ನು ಗ್ರಹಣದ ಹೊತ್ತಿನಲ್ಲಿ ಕತ್ತಿನ ತನಕ ಮಣ್ಣಲ್ಲಿ ಹೂತರೆ ಕಾಲು ಬರುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಯಾರಿಗೂ ಕಾಲು ಬಂದದ್ದನ್ನು ಕಂಡವರಿಲ್ಲ, ಆದರೆ ಪಕ್ಕದ ಊರಲ್ಲಿ ಬಂದಿತ್ತು ಎಂದು ಕೇಳಿದವರು ಬೇಕಾದಷ್ಟು ಜನ. ರಮಜಾನ ಹಳ್ಳದ ದಂಡೆಯಲ್ಲಿ ಗುಂಡಿ ತೋಡಿ ಮೂರು ವರ್ಷದ ಇಸ್ಮತಳನ್ನು ಇಳಿಸಿ ಮಣ್ಣು ತುಂಬಿದ. ಸುತ್ತ ಊರೇ ನೆರೆದಿತ್ತು. ಎಲ್ಲರೂ ಪರಾತದಲ್ಲಿ ಸಗಣಿನೀರು ಕದಡಿಕೊಂಡು ಅದರಲ್ಲಿ ಸೂರ್ಯನನ್ನು ನೋಡುತ್ತಿದ್ದರು.

ತಮ್ಮಣ್ಣನನ್ನೂ ಒಮ್ಮೆ ಹಾಗೆ ಹೂತಿದ್ದರು. ಆಗ ಸಿದ್ದಲಿಂಗವ್ವ ಕೂಡ ಸೂರ್ಯನನ್ನೇ ನೋಡುತ್ತಿದ್ದಳು. ಈ ಸಲ ಅವಳು ಮಗುವನ್ನು ನೋಡಿದಳು.

ದೇಟು ಮುರಿದ ಹೂವಿನ ಹಾಗೆ ಸದಾ ಜೋಲುತ್ತಿದ್ದ ತಲೆ ಮಣ್ಣಿನ ಮೇಲೆ ನೆಟ್ಟಗೆ ನಿಂತಿತ್ತು. ಹುಟ್ಟಿದಂದಿನಿಂದ ಮನೆಯ ತೊಲೆಯನ್ನಷ್ಟೇ ಕಂಡ ಕಣ್ಣು ಅತ್ತಿತ್ತ ಹೊರಳುತ್ತಿತ್ತು. ಆಡು ನೋಡಿತು, ಹಳ್ಳ ನೋಡಿತು, ತಾಯಿಯ ಕಾಲು ನೋಡಿತು. ಸಿದ್ದಲಿಂಗವ್ವ ಮೊಣಕಾಲೂರಿ ಕೂತು, ಮಗುವಿನ ಕತ್ತಿನಿಂದ ಪಕ್ಕೆಲುಬಿನ ತನಕ ಮಣ್ಣು ಬಗೆದು ತೆಗೆದಳು. ಎರಡೂ ಕೈ ಹೊರಗೆ ಬಂದವು. ಎಡಗೈ ಗಾಳಿಯಲ್ಲಿ ತಡಕಾಡಿ ಅವಳ ಹಸಿರು ಬಳೆ ಹಿಡಿದುಕೊಂಡಿತು.

"ಏ, ಗ್ರಹಣ ಬಿಟ್ಟಿಲ್ಲ ಇನ್ನೂ," ಎಂದು ಯಾರೋ ಗದರಿದರು.

"ಗ್ರಹಣ ಬೇಕಾದಾಗ ಬಿಡಲಿ. ಹುಡಿಗಿ ಕುಂತಾಳ ನೋಡು ಮಲೀಕಾ. ಹುಡಿಗಿ ಕುಂತಾಳ."

ಗ್ರಹಣ ಬಿಟ್ಟಿತು, ಮಗುವನ್ನು ಮೇಲೆತ್ತಿದರು, ಮಗು ಮತ್ತೆ ಜೋತುಬಿತ್ತು. ಮಲೀಕಾ ಅಳುತ್ತ ಮನೆಗೆ ಹೋದಳು. ಸಿದ್ದಲಿಂಗವ್ವ ಅಳಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಅಂಗಳದಲ್ಲಿ ಮೊಳದಾಳ ಗುಂಡಿ ತೋಡಿ ಹಳ್ಳದ ಉಸುಕು ತುಂಬಿದಳು. ಸೂರ್ಯ ಏನೂ ಕೊಡಲಿಲ್ಲ, ಮಣ್ಣು ಹಿಡಿದುಕೊಂಡಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಹಿಡಿದುಕೊಳ್ಳುವುದು ಮನುಷ್ಯರಿಗೆ ಬಾರದ ಕೆಲಸವೇನು?

ಊರು ಸುಮ್ಮನಿರಲಿಲ್ಲ. ಜೀವಂತ ಕೂಸಿಗೆ ಕುಣಿ ತೋಡಿದ್ದಾಳೆ ಎಂದಿತು. ಮಗ ಸತ್ತ ಮೇಲೆ ತಲೆ ಕೆಟ್ಟಿದೆ ಎಂದಿತು. ದುಂಡಪ್ಪನಿಗೂ ನಾಚಿಕೆಯಾಗಿ ಒಂದು ರಾತ್ರಿ ಗುಂಡಿ ಮುಚ್ಚಿಹಾಕಿದ. ಬೆಳಿಗ್ಗೆ ಎದ್ದು ಅವಳು ಬೈಯದೆ, ಮಾತಾಡದೆ ಮತ್ತೆ ತೋಡಿದಳು. ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೆಯ ದಿನ, ಊರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ, ಮಲೀಕಾ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಸಿದ್ದಲಿಂಗವ್ವ ಹುಡುಗಿಯನ್ನು ಸೊಂಟದ ತನಕ ಉಸುಕಿನಲ್ಲಿ ಕೂರಿಸಿದಳು.

ಉಸುಕಿನ ಗುಂಡಿಯನ್ನು ಹೊತ್ತುಕೊಂಡು ಊರೂರು ತಿರುಗಲಾಗುವುದಿಲ್ಲ. ಸಿಂಬಿ ಹೊಳೆದದ್ದು ಆಗ. "ಗಡಿಗಿ ತಳಾ ದುಂಡಗ, ಹಂಗ ಇಟ್ರ ಉಳ್ಳತದ. ಸಿಂಬಿ ಮ್ಯಾಲ ಇಟ್ರ ನಿಲ್ಲತದ. ಗಡಿಗಿ ತಪ್ಪೇನೈತಿ ಇದರಾಗ?" ಎಂದು ತಾಯಂದಿರನ್ನು ಕೇಳುತ್ತಿದ್ದಳು. ಇಸ್ಮತಳಿಗೆ ಮೊದಲ ಸಿಂಬಿ ಹೊಲಿದಳು. ಹುಡುಗಿ ಬೆಳೆದಂತೆ ಎರಡನೆಯದು, ಮೂರನೆಯದು. ಈಗ ಕಟ್ಟೆಯ ಮೇಲಿದ್ದದ್ದು ನಾಲ್ಕನೆಯದು, ಹೊಲಿದು ಎಂಟು ದಿನವೂ ಆಗಿರಲಿಲ್ಲ.

*

"ಬಿಸಿ ನೀರು ಕಾಸ್ರಿ. ಕುಸುಬಿ ಎಣ್ಣಿ ಬೆಚ್ಚಗ ಮಾಡ್ರಿ," ಎಂದಳು ಮಲೀಕಾ. ಗಂಡಸರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ತೊಡೆಯ ಸಂದಿಗೆ, ಮೊಣಕಾಲ ಹಿಂದಕ್ಕೆ ಸುತ್ತಿ, ಮಲೀಕಾ ಎರಡೂ ಕೈಯಿಂದ ಹಿಡಿದು ಸುಮ್ಮನೆ ಕೂತಳು. ಒತ್ತಲಿಲ್ಲ.

"ಏನ ಮಾಡಾಕತ್ತಿ?" ಎಂದಳು ಗುರವ್ವ.

"ಕಾಯಾಕತ್ತೀನಿ. ಒಂದ ಪಾವು ಜ್ವಾಳಾ ಬೀಸೂವಷ್ಟು ಹೊತ್ತು ಕಾಯಬೇಕು. ದಿನಾ ಮುಂಜಾನಿ ಇಸ್ಮತನ ಕಾಲಿಗೆ ಹಿಂಗ ಕಾಯ್ತೀನಿ."

ಸುದ್ದಿ ಹೋದಂತೆ ಒಬ್ಬೊಬ್ಬರೇ ತಾಯಂದಿರು ಬಂದರು. ಮುಚ್ಚಂಡಿಯ ಇಬ್ಬರು ನಿನ್ನೆ ಊರಿಗೆ ಹೋಗದೆ ಇಲ್ಲೇ ಉಳಿದಿದ್ದರು. ಮಾಡಗ್ಯಾಳದಿಂದ ಕುರಿಯವರ ಹೆಂಗಸೊಬ್ಬಳು ಕಂಬಳಿ ಹೊದ್ದು ಬಂದಳು. ಬಂದವಳು ಕಣ್ಣೀರು ಒರೆಸಿಕೊಂಡು, ಯಾರೂ ಹೇಳದೆಯೇ ಇನ್ನೊಂದು ಕಾಲು ಹಿಡಿದಳು.

"ಹೆಬ್ಬಟ್ಟು ಹಂಗ ಇಡಬ್ಯಾಡವಾ. ಅಂಗೈಲೆ ಹಿಡಿ," ಎಂದಳು ಮುಚ್ಚಂಡಿಯವಳು.

"ನನಗ ಹಿಂಗ ಹೇಳ್ಯಾಳ."

"ನನಗ ನಿನ್ನಿ ಹೇಳ್ಯಾಳ. ನಂದು ಹೊಸದು."

ಸತ್ತವಳ ಮುಂದೆ ನಗಬಾರದು ಎಂದು ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗೆ ಕಟ್ಟೆಯ ಮೇಲೆ ಸಾಲಿಯ ಶಂಕರೆಪ್ಪ ಮಾಸ್ತರ ಬಂದು ಇಸ್ಮತಳ ಪಕ್ಕದಲ್ಲಿ ಕೂತಿದ್ದರು. ಒಳಗಿನ ಬಾಗಿಲು ಮುಚ್ಚಿದ್ದರಿಂದ ಗಂಡಸರಿಗೆ ಮಾತಲ್ಲದೆ ಬೇರೆ ಕೆಲಸವಿರಲಿಲ್ಲ.

"ನನಗೂ ಕಲಿಸ್ಯಾಳ ಅಕಿ," ಎಂದರು ಮಾಸ್ತರ. "ಈ ಹುಡಿಗಿನ್ನ ಸಾಲಿಗೆ ತಂದಾಗ, ಬೀಳಬಾರದಂತ ನಾ ಇಕಿನ್ನ ಕಂಬಕ್ಕ ಧೋತರದ ತುಂಡಲೆ ಕಟ್ಟಿದ್ನಿ. ಪುಣ್ಯೇದ ಕೆಲಸ ಮಾಡೀನಿ ಅಂತ ತಿಳಕೊಂಡಿದ್ನಿ. ಸಿದ್ದಲಿಂಗವ್ವ ಬಂದು ನೋಡಿದಳು. ಬೈಲಿಲ್ಲ. ಮಾಸ್ತರ, ಆ ಕಿಡಕಿ ಮ್ಯಾಲ ಏರಿ ಕುಂದ್ರಿ ಅಂದಳು. ಕುಂತ್ನಿ. ಕಾಲು ಜೋತುಬಿದ್ವು. ಒಂದ ಕಡಿ ವಾಲ್ರಿ ಅಂದಳು. ವಾಲಿದ್ನಿ. ಈಗ ಪಾಟಿ ಮ್ಯಾಲ ನಿಮ್ಮ ಹೆಸರು ಬರೀರಿ ಅಂದಳು."

"ಬರದ್ರೇನು?" ಎಂದ ಮುರಗೆಪ್ಪ.

"ಕೋಳಿ ಕೆದರಿದಂಗ ಬಂತು. ಬೀಳತೀನಿ ಅನ್ನೂದ ಒಂದ ಧ್ಯಾನ, ಅಕ್ಷರ ಎಲ್ಲಿಂದ ಬರಬೇಕು? ಹುಡುಗರೆಲ್ಲಾ ನೋಡಾಕತ್ತಾವ. ಅಕಿ ಪಾಟಿ ಎತ್ತಿ ತೋರಿಸಿ, ನಿಮ್ಮ ಮಾಸ್ತರ ದಡ್ಡ ಅದಾನೇನ್ರೋ, ಇಲ್ಲಾ ಕುಂತದ್ದು ಸೊಟ್ಟ ಐತೇನು, ಅಂತ ಕೇಳಿದಳು."

"ಹುಡುಗರು ಏನಂದ್ರು?"

"ಅದನ್ನ ಬಿಡು," ಎಂದರು ಮಾಸ್ತರ. ಕಟ್ಟೆಯವರು ನಕ್ಕರು. ಮಾಸ್ತರ ನಗಲಿಲ್ಲ. "ಕಾಲ ಕೆಳಗ ಇಟ್ಟಂಗಿ, ತಳಕ್ಕ ಸಿಂಬಿ, ಮುಂದ ಪಾಟಿ ಇಡಾಕ ಮಣಿ. ಅಷ್ಟ ಮಾಡಿದಳು. ಎರಡ ತಿಂಗಳಿಗೆ ಈ ಹುಡಿಗಿ ಅ ಬರದ್ಳು, ಎಡಗೈಲೆ. ಅದರ ಮುಂದ ಐತಾರಕ್ಕೊಮ್ಮೆ ಬ್ಯಾರೆ ಊರ ಮಾಸ್ತರಗೋಳನ್ನ ಕರಸಿದ್ನಿ. ಅವರನ್ನೂ ಎಲ್ಲಾರನೂ ಕಿಡಕಿ ಮ್ಯಾಲ ಏರಿಸಿದಳು."

ದುಂಡಪ್ಪ ಇದನ್ನೆಲ್ಲ ಹೊಸದಾಗಿ ಕೇಳುವವನ ಹಾಗೆ ಕೇಳುತ್ತಿದ್ದ. ಐತವಾರ ಹೆಂಡತಿ ಸಾಲಿಗೆ ಹೋಗುತ್ತಾಳೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಅಲ್ಲಿ ಮಾಸ್ತರರನ್ನು ಕಿಟಕಿಗೆ ಏರಿಸುತ್ತಿದ್ದಳು ಎಂದು ಅವಳು ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಬಾಗಿಲು ತೆರೆದು ಗುರವ್ವ ಹೊರಗೆ ಬಂದಳು. "ಕಾಲು ಬಂದ್ವು," ಎಂದಳು, ತಾನೇ ನಂಬದವಳ ಹಾಗೆ. "ಬೆಣ್ಣಿ ಕರಗಿದಂಗ ಬಂದ್ವು ದುಂಡಪ್ಪಾ. ಕುಂತಾಳ. ಆದರ ಬಲಕ್ಕ ವಾಲತಾಳ. ಅದೊಂದು ಆಗವಲ್ದು."

ದುಂಡಪ್ಪ ಒಳಗೆ ಹೋದ. ಪದ್ಮಾಸನ ಸರಿಯಾಗಿ ಬಿದ್ದಿತ್ತು. ಆದರೆ ಆ ಹದಿನಾಲ್ಕು ವರ್ಷದ ವಾಲು ಎಣ್ಣೆಗೂ ಬಿಸಿನೀರಿಗೂ ಕರಗುವಂಥದಾಗಿರಲಿಲ್ಲ. ಬಿಟ್ಟರೆ ಬಲಕ್ಕೆ ಉರುಳುತ್ತಿದ್ದಳು. ಮೊಳೆಗೆ ತಲೆ ಕಟ್ಟಿ ನಿಲ್ಲಿಸಬಹುದಿತ್ತು, ಆದರೆ ಕುಣಿಯೊಳಗೆ ಮೊಳೆ ಇರುವುದಿಲ್ಲ.

ಮಲೀಕಾ ಕೈ ಒರೆಸಿಕೊಂಡು ಎದ್ದು ಕಟ್ಟೆಗೆ ಬಂದಳು. ಮಗಳ ಮುಂದೆ ನಿಂತಳು. ಇದು ಸಿದ್ದಲಿಂಗವ್ವ ಹೊಲಿದ ಕೊನೆಯ ಸಿಂಬಿ. ಇಂಥದು ಹೊಲಿಯಲು ತನಗೂ ಬರುತ್ತದೆ, ಆದರೆ ಹದಿನೈದು ದಿನ ಬೇಕು. ಹದಿನೈದು ದಿನ ಮಲಗಿದರೆ ಹುಡುಗಿಯ ಸೊಂಟ ಮತ್ತೆ ಬಿಗಿಯುತ್ತದೆ, ಸಾಲಿ ತಪ್ಪುತ್ತದೆ. ಅಷ್ಟೂ ಅವಳ ಮುಖದ ಮೇಲೆ ಬಂದು ಹೋಯಿತು.

"ಇಸ್ಮತ, ಕಾಕಿಗೆ ಕುಂದರಾಕ ಬರವಲ್ದವಾ," ಎಂದಳು. "ನಿನ್ನ ಸಿಂಬಿ ಕೊಡ್ತೀಯೇನು?"

ಇಸ್ಮತಳಿಗೆ ಮಾತು ಕಡಿಮೆ. ಒಳಗೆ ನೋಡಿತು, ತಾಯಿಯನ್ನು ನೋಡಿತು. ಆಮೇಲೆ ತಾನೇ ಎಡಗೈ ಊರಿ ಮೈಯನ್ನು ಮಾಸ್ತರರ ಮೇಲೆ ವಾಲಿಸಿತು. ಮಾಸ್ತರ ಹಿಡಿದುಕೊಂಡರು. ಮಲೀಕಾ ಬೆಚ್ಚಗಿದ್ದ ಸಿಂಬಿಯನ್ನು ಎಳೆದುಕೊಂಡು ಒಳಗೆ ಹೋದಳು.

ಸಿಂಬಿಯನ್ನು ಅರ್ಧಕ್ಕೆ ಮಡಚಿ ಬಲತೊಡೆಯ ಕೆಳಗೆ ಸರಿಸಿದಾಗ ಸಿದ್ದಲಿಂಗವ್ವ ನಿಧಾನಕ್ಕೆ ನಡುವಿಗೆ ಬಂದಳು, ಹೆಗಲೆರಡೂ ಸಮವಾದವು. ಮೂವತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ದುಂಡಪ್ಪ ಹೆಂಡತಿಯನ್ನು ನೆಟ್ಟಗೆ ಕಂಡಿರಲಿಲ್ಲ. ಮದುವೆಯ ದಿನ ಹಂದರದಲ್ಲಿ ಹೀಗೆ ಕೂತಿದ್ದಳು. ಅವನು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು, ಆ ದಿನದಲ್ಲಿ ಮೊದಲ ಸಲ, ದನಿ ತೆಗೆದು ಅತ್ತ. ಹೊರಗೆ ತಾಳ ಶುರುವಾಯಿತು.

*

ಹೊಲ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ತಮ್ಮಣ್ಣನ ಉದ್ದನೆಯ ದಿಬ್ಬದ ಮಗ್ಗುಲಲ್ಲೇ ಕುಣಿ ತೋಡಿದ್ದರು. ವಿಮಾನ ಇಳಿಸಿ, ನಾಲ್ವರು ಸೇರಿ ಅವಳನ್ನು ಕುಣಿಯೊಳಗೆ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ವಿಭೂತಿ, ಪತ್ರಿ ಇಟ್ಟರು. ಒಳಗಿದ್ದ ಮುರಗೆಪ್ಪನ ಕೈಗೆ ಸಿಂಬಿ ತಗಲಿತು.

"ಇದನ್ನ ಹೊರಗ ತಗೀಲೇನ್ರಿ ಅಯ್ಯನವರ? ಮೈ ಮ್ಯಾಲ ಲಿಂಗಾ ಬಿಟ್ಟು ಮತ್ತೇನೂ ಇರೂ ಹಂಗಿಲ್ಲಲ್ಲ."

ಅಯ್ಯನವರು ಕುಣಿಯೊಳಗೆ ಬಗ್ಗಿ ನೋಡಿದರು. ಮುರಗೆಪ್ಪ ಒಂದು ತುದಿ ಹಿಡಿದು ಸ್ವಲ್ಪ ಎಳೆದ. ಸಿದ್ದಲಿಂಗವ್ವನ ತಲೆ ಬಲಕ್ಕೆ ಸರಿಯಿತು.

"ತಗೀಬ್ಯಾಡೋ," ಎಂದಳು ಗುರವ್ವ, ಕುಣಿಯ ಅಂಚಿಗೆ ಬಂದು. "ಅದು ಅಕಿ ತಳ. ಮೊದಲ ಹೆಂಗಿತ್ತು ಹಂಗ ಇಡು. ಇನ್ನೊಂದೀಟು ಒಳಗ. ಹಗೂರ."

ಅಯ್ಯನವರು ತಲೆಯಾಡಿಸಿದರು.

ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕುವ ಸರದಿ ಬಂತು. ಅಲ್ಲಿಯ ತನಕ ಮಗಳನ್ನು ಎದೆಗೆ ಆನಿಸಿಕೊಂಡು ನಿಂತಿದ್ದ ಮಲೀಕಾ, ತೋಡಿ ಹಾಕಿದ್ದ ಮಣ್ಣಿನ ಗುಡ್ಡೆಯ ಬದಿಗೆ ಇಸ್ಮತಳನ್ನು ಇಳಿಸಿದಳು. ಕೂರಿಸಲು ಕೆಳಗೆ ಏನೂ ಇರಲಿಲ್ಲ. ಗುಡ್ಡೆಗೆ ಒರಗಿಸಿ, "ಇಲ್ಲೇ ಇರು, ಬಂದ್ನಿ," ಎಂದು ಹೋದಳು. ಕಾಕಿಯ ಮುಖ ಇನ್ನೂ ಕಾಣುತ್ತಿತ್ತು. ಮಲೀಕಾ ಹಿಡಿ ಮಣ್ಣನ್ನು ಮುಖ ಬಿಟ್ಟು ತೊಡೆಯ ಪಕ್ಕಕ್ಕೆ, ಸಿಂಬಿಯ ಒತ್ತಿಗೆ ಹಾಕಿದಳು.

ಗಂಡಸರು ಸಲಿಕೆಯಿಂದ ಮಣ್ಣು ಎಳೆಯತೊಡಗಿದರು. ಕುಣಿ ತುಂಬಿತು, ದಿಬ್ಬ ಏರಿತು, ಮುರಗೆಪ್ಪ ನಾಲ್ಕು ಮೂಲೆ ಚೌಕ ಮಾಡುತ್ತ ಬಂದ. ಮೂರು ಮೂಲೆ ಆಯಿತು. ನಾಲ್ಕನೆಯದಕ್ಕೆ ಮಣ್ಣು ತರಲು ಗುಡ್ಡೆಯ ಕಡೆ ತಿರುಗಿದವನು ಸಲಿಕೆ ಎತ್ತಿದಲ್ಲೇ ನಿಂತ.

ಗುಡ್ಡೆ ಖಾಲಿಯಾಗಿ ಉಳಿದದ್ದು ಒಂದು ಬುಟ್ಟಿ ಮಣ್ಣು. ಇಸ್ಮತ ಅದನ್ನು ಎಡಗೈಯಿಂದ ಕೆರೆದು ಕೆರೆದು ತನ್ನ ಬಲಗಡೆಗೆ ತಂದುಕೊಂಡಿತ್ತು. ಈಗ ಎಡಗಡೆಗೆ ತರುತ್ತಿತ್ತು. ತಂದದ್ದನ್ನು ಅಂಗೈಯಿಂದ ತಟ್ಟಿತು. ಸ್ವಲ್ಪ ವಾಲಿ ನೋಡಿತು, ಸಾಲದೆನಿಸಿತು, ಇನ್ನೊಂದು ಹಿಡಿ ಎಳೆದುಕೊಂಡು ಮತ್ತೆ ತಟ್ಟಿತು. ಮಲೀಕಾ ಓಡಿಹೋಗಿ ಎತ್ತಿಕೊಳ್ಳಲು ಮುಂದಾದಳು. ಗುರವ್ವ ಅವಳ ಕೈ ಹಿಡಿದಳು.

"ಕಾಕಾ," ಎಂದ ಮುರಗೆಪ್ಪ, "ಒಂದ ಮೂಲಿಗೆ ಮಣ್ಣು ಕಡಿಮಿ ಬೀಳತದ."

"ಬೀಳಲಿ," ಎಂದ ದುಂಡಪ್ಪ. "ಅಕಿ ಕುಂತಾಳ."

ಮುರಗೆಪ್ಪ ಸಲಿಕೆ ಕೆಳಗಿಟ್ಟ. ಉದ್ದನೆಯ ಹಳೆಯ ದಿಬ್ಬ, ಅದರ ಮಗ್ಗುಲಲ್ಲಿ ಒಂದು ಮೂಲೆ ಮುಗಿಯದ ಚೌಕದ ಹೊಸ ದಿಬ್ಬ. ಅವೆರಡರ ಮುಂದೆ ಸೊಂಟದ ತನಕ ಹಸಿ ಮಣ್ಣಿನಲ್ಲಿ ಇಸ್ಮತ ಕೂತಿತ್ತು, ಎಡಗೈ ತೊಡೆಯ ಮೇಲೆ, ತಲೆ ನೆಟ್ಟಗೆ. ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿತ್ತು.